ಕ್ಯಾಮರಾ ಪಕ್ಕದವಳು

ಸನ್ಮಾನ ಎಂದ ತಕ್ಷಣ ಸಿಲ್ವಿಯಾಗೆ ನೆನಪಾದದ್ದು ತನ್ನ ಮೊಣಕಾಲು. ವೇದಿಕೆ ಅಂದಮೇಲೆ ಮೆಟ್ಟಿಲು ಇದ್ದೇ ಇರುತ್ತದೆ. ಮೆಟ್ಟಿಲು ಹತ್ತಿದ ಮೇಲೆ ಎಲ್ಲರ ಭಾಷಣ ಮುಗಿಯುವ ತನಕ ಬೆನ್ನು ನೆಟ್ಟಗೆ ಮಾಡಿಕೊಂಡು, ಮುಖಕ್ಕೆ ಒಂದು ನಗು ಅಂಟಿಸಿಕೊಂಡು ಕೂತಿರಬೇಕು. ಅರವತ್ತೇಳು ವರ್ಷಕ್ಕೆ ಈ ಉಸಾಬರಿ ಯಾರಿಗೆ ಬೇಕು?

"ನಾನು ಬರೋದಿಲ್ಲ ಅಕ್ಕ," ಎಂದಳು. "ಏನು ಕಡಿದು ಕಟ್ಟೆ ಹಾಕಿದೀನಿ ಅಂತ ನನಗೆ ಸನ್ಮಾನ?"

"ಅದನ್ನೇ ತೋರಿಸ್ತಾರಂತೆ ಕಣೆ," ಎಂದಳು ಹೆಲನ್, ಟೀ ಸೋಸುತ್ತಾ. "ನಿನ್ನ ಸಿನಿಮಾ, ಸೀರಿಯಲ್ಲು ಎಲ್ಲದರಿಂದ ಒಂದೊಂದು ಚೂರು ತಗೊಂಡು ವಿಡಿಯೋ ಮಾಡ್ತಿದಾರಂತೆ. ನಾನೂ ನೋಡ್ಬೇಕು. ನೀನು ಈ ಊರು ಬಿಟ್ಟು ಐವತ್ತು ವರ್ಷ ಆಗ್ತಾ ಬಂತು. ಅಲ್ಲಿ ಏನು ಮಾಡಿದೆ ಅಂತ ಒಂದ್ಸಲನಾದ್ರೂ ಸರಿಯಾಗಿ ನೋಡಿದ್ದೀನಾ ನಾನು?"

ಲಂಡನ್ನಿನ ಪತ್ರಿಕೆಗಳು ತನ್ನ ಬಗ್ಗೆ ಬರೆದರೂ ಬರೆಯದಿದ್ದರೂ ಸಿಲ್ವಿಯಾಗೆ ಈಗ ಎಲ್ಲ ಒಂದೇ. ಆದರೆ ಅಕ್ಕ ಒಮ್ಮೆ ನೋಡಿ, ಪರವಾಗಿಲ್ಲ, ವ್ಯರ್ಥವಾಗಲಿಲ್ಲ ಎಂದರೆ ಸಾಕು ಎನ್ನುವ ಆಸೆ ಮಾತ್ರ ಎಲ್ಲೋ ಮೂಲೆಯಲ್ಲಿ ಉಳಿದುಬಿಟ್ಟಿತ್ತು. ಸಾಯುವುದರೊಳಗೆ ಬೇಕಾದದ್ದು ಅದೊಂದೇ. ಬಾಯಿ ಬಿಟ್ಟು ಕೇಳುವ ಮಾತಲ್ಲ ಅದು, ಹಾಗಾಗಿ ಟೀ ಕುಡಿದಳು, ಬರುತ್ತೇನೆ ಎಂದಳು.

ಅಪ್ಪ ಮೈಸೂರಿನ ಮಿಷನ್ ಶಾಲೆಯಲ್ಲಿ ಮೇಷ್ಟರಾಗಿದ್ದವರು, ನೈರೋಬಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿ ಹಡಗು ಹತ್ತಿ ಬಂದವರು. ಹೆಸರು ಜ್ಞಾನಮಿತ್ರ. ಇಬ್ಬರು ಹೆಣ್ಣುಮಕ್ಕಳು ಇಲ್ಲೇ ಬೆಳೆದರು. ದೊಡ್ಡವಳು ಹೆಲನ್ ಅಪ್ಪನ ಹಾಗೆ ಟೀಚರಾದಳು, ಡಾಕ್ಟರ್ ವಿನ್ಸೆಂಟ್ ಅವರನ್ನು ಮದುವೆಯಾದಳು, ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯ ಈ ಮನೆಯಲ್ಲಿ ಸಂಸಾರ ಮಾಡಿದಳು, ಈಗ ಅವರು ಹೋದ ಮೇಲೆ ಒಬ್ಬಳೇ ಇದ್ದಾಳೆ. ಚಿಕ್ಕವಳು ಸಿಲ್ವಿಯಾ ನರ್ಸಿಂಗ್ ಕಲಿಯಲು ಲಂಡನ್ನಿಗೆ ಹೋದಳು. ಕಲಿತು ಮುಗಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆಸ್ಪತ್ರೆಯ ಹತ್ತಿರ ಯಾವುದೋ ಸಿನಿಮಾ ತೆಗೆಯುತ್ತಿದ್ದರು, ಒಬ್ಬ ಇಂಡಿಯನ್ ನರ್ಸ್ ಬೇಕಾಗಿತ್ತು, ಇವಳ ಹತ್ತಿರ ಸ್ವಂತ ಯೂನಿಫಾರ್ಮ್ ಇತ್ತು. ಅಷ್ಟೇ. ಜನ ಪ್ರತಿಭೆ, ಹಣೆಬರಹ ಎಂದೆಲ್ಲ ಹೇಳುತ್ತಾರೆ. ಸಿಲ್ವಿಯಾಳ ವಿಷಯದಲ್ಲಿ ಅದು ಇಸ್ತ್ರಿ ಮಾಡಿದ ಒಂದು ಯೂನಿಫಾರ್ಮ್.

ಜ್ಞಾನಮಿತ್ರ ಎನ್ನುವುದು ಇಂಗ್ಲಿಷಿನವರ ನಾಲಗೆಗೆ ಹೊರಳಲಿಲ್ಲ. ಏಜೆಂಟ್ ಮೊದಲರ್ಧ ಕತ್ತರಿಸಿ ಸಿಲ್ವಿಯಾ ಮಿತ್ರ ಎಂದಿಟ್ಟ. ಮಿತ್ರ ಬಂಗಾಳದವರ ಮನೆತನದ ಹೆಸರೂ ಹೌದು, ಅಲ್ಲಿಂದ ಎಲ್ಲರೂ ಅವಳನ್ನು ಬಂಗಾಳಿ ಎಂದೇ ತಿಳಿದರು. ತಿದ್ದಿ ತಿದ್ದಿ ಸುಸ್ತಾಗಿ ಬಿಟ್ಟುಬಿಟ್ಟಳು. ಬಿಟ್ಟುಬಿಡುವುದು ಆ ಕಸುಬಿನಲ್ಲಿ ಬೇಗ ಅಭ್ಯಾಸವಾಗುತ್ತದೆ.

ಈಗ ನೈರೋಬಿಗೆ ಬಂದದ್ದು ಕೆಮ್ಮಿಗೆ. ಲಂಡನ್ನಿನ ಚಳಿ ಎದೆಯಲ್ಲಿ ಕೂತಿತ್ತು, ಎರಡು ತಿಂಗಳು ಅಕ್ಕನ ಮನೆಯಲ್ಲಿ ಬಿಸಿಲು ಕಾಯಿಸಿಕೊಂಡು ಹೋಗೋಣ ಎಂದು ಬಂದಿದ್ದಳು. ಬಂದ ವಾರಕ್ಕೇ ಏಜೆಂಟ್ ಫೋನ್ ಮಾಡಿದ್ದ. ಒಂದು ಆಸ್ಪತ್ರೆಯ ಸೀರಿಯಲ್ಲು, ಪ್ರಜ್ಞೆ ತಪ್ಪಿ ಮಲಗಿರುವ ಅಜ್ಜಿಯ ಪಾತ್ರ. ಮಾತಿಲ್ಲ. ಕಣ್ಣು ಬಿಡುವುದೂ ಇಲ್ಲ. "ಯೋಚನೆ ಮಾಡಿ ಹೇಳ್ತೀನಿ" ಎಂದಿದ್ದಳು. ನರ್ಸ್ ಆಗಿ ಶುರು ಮಾಡಿದವಳು ರೋಗಿಯಾಗಿ ಮುಗಿಸುವುದು ಒಂದು ರೀತಿಯಲ್ಲಿ ಸರಿಯೇ ಎಂದು ಅವಳಿಗೇ ನಗು ಬಂದಿತ್ತು. ನಗಲು ಹೋಗಿ ಕೆಮ್ಮು ಬಂತು.

ಹೆಲನ್ ಈ ಊರಿನಲ್ಲಿ ತಂಗಿಯ ಬಗ್ಗೆ ಹೇಳಿಕೊಂಡು ಬಂದದ್ದು ಬೇರೆಯೇ. ಚರ್ಚಿನಲ್ಲಿ, ಸ್ಟಾಫ್ ರೂಮಿನಲ್ಲಿ, ಮದುವೆಮನೆಗಳಲ್ಲಿ, "ನನ್ನ ತಂಗಿ ಲಂಡನ್ನಲ್ಲಿ ದೊಡ್ಡ ಆಕ್ಟ್ರೆಸ್" ಎಂದೇ ಹೇಳುತ್ತಿದ್ದಳು. ಬೆಂಗಳೂರಿನಿಂದ ಬ್ಯಾಂಕು, ಟೆಲಿಕಾಂ ಕೆಲಸಕ್ಕೆ ಬಂದ ಹೊಸ ಮಂದಿ ಕಟ್ಟಿಕೊಂಡಿದ್ದ ಕಾವೇರಿ ಕನ್ನಡ ಬಳಗದವರ ಕಿವಿಗೂ ಅದು ಬಿತ್ತು. ೨೦೧೬ರ ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಕರೆಸಬೇಕೆಂದಿದ್ದ ಹಾಸ್ಯಗಾರರು ಕೊನೆ ಗಳಿಗೆಯಲ್ಲಿ ಕೈಕೊಟ್ಟಿದ್ದರು. ಲಂಡನ್ನಿನ ತಾರೆ ಲ್ಯಾವಿಂಗ್ಟನ್ನಿನಲ್ಲೇ ಇದ್ದಾಳೆ ಎಂದರೆ ಬಿಡುತ್ತಾರೆಯೇ?

ವಿಡಿಯೋ ಮಾಡುವ ಹೊಣೆ ಹೊತ್ತದ್ದು ಬಳಗದ ಕಾರ್ಯದರ್ಶಿ ಭಾವನಾ. ಟೆಲಿಕಾಂ ಕಂಪನಿಯ ಕೆಲಸ, ಚುರುಕು ಹುಡುಗಿ, ಕೂತ ಕಡೆ ಕೂರುವುದಿಲ್ಲ. ಗುರುವಾರ ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಸಿಲ್ವಿಯಾ ಕೆಮ್ಮಿನ ಔಷಧಿ ಕುಡಿದು ಒಳಗೆ ಮಲಗಿದ್ದಳು. ಜಗಲಿಯಿಂದ ಮಾತು ಕೇಳುತ್ತಿತ್ತು.

"ಆಂಟಿ, ಸಿಲ್ವಿಯಾ ಆಂಟಿಗೆ ಸರ್‌ಪ್ರೈಸ್ ಇರ್ಲಿ. ನೀವು ಒಂದ್ಸಲ ಚೆಕ್ ಮಾಡಿ, ಏನಾದ್ರೂ ತಪ್ಪಿದ್ರೆ ಹೇಳಿ. ನಾನ್ ನೆಟ್ಟಲ್ಲಿ ಹುಡುಕಿದ್ದು, ನಂಗೇನ್ ಗೊತ್ತಾಗುತ್ತೆ?"

ಆಮೇಲೆ ವಿಡಿಯೋದ ಅಸ್ಪಷ್ಟ ಸದ್ದು ಬಹಳ ಹೊತ್ತು ಕೇಳಿ, ನಿಂತಿತು. ಕೊನೆಗೆ ಹೆಲನ್‌ಳ ದನಿ, ಶಾಲೆಯಲ್ಲಿ ಮಾರ್ಕು ಕೊಡುವಾಗಿನ ಗಟ್ಟಿ ದನಿ: "ತುಂಬ ಚೆನ್ನಾಗಿದೆಯಮ್ಮ. ಏನೂ ತೆಗೀಬೇಡ. ಹೀಗೇ ಇರ್ಲಿ."

ಒಳಗೆ ಮಲಗಿದ್ದವಳಿಗೆ ಅದು ಕೇಳಿ ಎದೆ ಸ್ವಲ್ಪ ಹಗುರಾಯಿತು. ಚಿಕ್ಕ ಮಕ್ಕಳ ಹಾಗೆ ಹೊದಿಕೆಯೊಳಗೇ ನಕ್ಕಳು.

ಶನಿವಾರ ಕಾರ್ಯಕ್ರಮ ನಡೆದದ್ದು ಇಂಡಸ್ಟ್ರಿಯಲ್ ಏರಿಯಾದಲ್ಲಿ. ಬಳಗದ ಸದಸ್ಯರೊಬ್ಬರು ಪ್ಲಾಸ್ಟಿಕ್ ಕೊಡ, ಬಕೆಟ್ಟು ತಯಾರಿಸುವ ಕಾರ್ಖಾನೆಯಲ್ಲಿ ಮ್ಯಾನೇಜರು, ಅಲ್ಲಿನ ಕ್ಯಾಂಟೀನ್ ಹಾಲ್ ಬಿಟ್ಟುಕೊಟ್ಟಿದ್ದರು. ಕೆಂಪು ಹಳದಿ ಬಟ್ಟೆ ಕಟ್ಟಿದ್ದರು. ಒಂದು ಮೂಲೆಯಲ್ಲಿ ಬಿಸಿಬೇಳೆಬಾತಿನ ಹಬೆ, ಇನ್ನೊಂದು ಮೂಲೆಯಿಂದ ಕಾದ ಪ್ಲಾಸ್ಟಿಕ್ಕಿನ ವಾಸನೆ. ಅಧ್ಯಕ್ಷರು ವಿಶ್ವನಾಥ್, ಬ್ಯಾಂಕಿನವರು, ಮೈಕು ಕೈಗೆ ಸಿಕ್ಕರೆ ಬಿಡದ ಜಾತಿ. ಬಹಳ ಹೊತ್ತು ಮಾತಾಡಿದರು. ಬ್ರಿಟಿಷ್ ಚಿತ್ರರಂಗವನ್ನು ಆಳಿದ ಕನ್ನಡತಿ ಎಂದರು. ವೇದಿಕೆಯ ಮೇಲೆ ಕೂತಿದ್ದ ಸಿಲ್ವಿಯಾ ಸೀರೆಯ ಅಂಚು ನೋಡಿಕೊಂಡಳು. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬಂದು ಆಳಿದ್ದು ಅದನ್ನು.

ಮುಂದಿನ ಸಾಲಿನಲ್ಲಿ ಹೆಲನ್, ಮದುವೆಗೆ ಉಡುವ ರೇಷ್ಮೆ ಸೀರೆಯಲ್ಲಿ. ಕಣ್ಣಲ್ಲಿ ಹೊಳಪು.

ದೀಪ ಆರಿಸಿದರು. ಬಿಳಿ ಪರದೆಯ ಮೇಲೆ ಮೊದಲು ಬಂದದ್ದು ಇಪ್ಪತ್ತೆರಡರ ಸಿಲ್ವಿಯಾ, ಸ್ವಂತ ಯೂನಿಫಾರ್ಮಿನಲ್ಲಿ. "ಡಾಕ್ಟರು ಈಗ ಬರ್ತಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಬಾಗಿಲ ಆಚೆ ಹೋದಳು. ಹಾಲಿನಲ್ಲಿ ಚಪ್ಪಾಳೆ. ಆಮೇಲೆ ಬಸ್ ಕಂಡಕ್ಟರಿಣಿಯಾಗಿ ಹೀರೋನನ್ನು ಬಸ್ಸಿನಿಂದ ಇಳಿಸಿದಳು. ಒಂದು ರಾಜಮನೆತನದ ಸಿನಿಮಾದಲ್ಲಿ ದೀಪ ಹಿಡಿದ ಆಯಾ ಆಗಿ ನಡೆದುಹೋದಳು. ಬರೀ ಬೆನ್ನು ಕಂಡಿತು. ಯಾರದೋ ಮದುವೆಯಲ್ಲಿ ಹೆಣ್ಣಿನ ತಾಯಿಯಾಗಿ ಅತ್ತಳು. ಮೂಲೆ ಅಂಗಡಿಯ ಗಲ್ಲಾದ ಹಿಂದೆ ನಿಂತು ಪತ್ರಿಕೆ, ಹಾಲು ಮಾರಿದಳು. ಅದು ನಾಲ್ಕು ವರ್ಷ ನಡೆದ ಸೀರಿಯಲ್ಲು, ಕೊನೆಗೆ ಕತೆ ಬರೆಯುವವರಿಗೆ ಬೇಸರವಾಗಿ ಅಂಗಡಿಗೆ ಬೆಂಕಿ ಹಚ್ಚಿ ಅವಳನ್ನು ಕಳಿಸಿಬಿಟ್ಟಿದ್ದರು. ಮತ್ತೆ ಕ್ಲಿನಿಕ್ಕಿನ ಮೇಜಿನ ಹಿಂದೆ, ತಲೆಗೂದಲು ಅರ್ಧ ನರೆತು, "ಡಾಕ್ಟರು ಈಗ ಬರ್ತಾರೆ."

ಹಾಲಿನಲ್ಲಿ ಯಾರೋ ನಕ್ಕರು. ಕೆಟ್ಟ ನಗೆಯಲ್ಲ, ಆದರೂ ನಗು. ಸಿಲ್ವಿಯಾ ತಾನೂ ನಕ್ಕಳು, ನಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು. ಒಬ್ಬಳ ಇಡೀ ಆಯಸ್ಸು ಸೋಸಿದರೆ ಇಷ್ಟೇನಾ ಸಿಗುವುದು?

ಜನಕ್ಕೆ ಕಾಣದ್ದು ಎಷ್ಟೋ ಇತ್ತು, ಅದನ್ನು ಯಾವ ನೆಟ್ಟಿನಲ್ಲಿ ಹುಡುಕುತ್ತಾಳೆ ಭಾವನಾ? ಆ ಕಸುಬಿನಲ್ಲಿ ಒಂದು ರೀತಿ ಇದೆ. ಇಬ್ಬರು ಮಾತಾಡುವ ದೃಶ್ಯವನ್ನು ಒಬ್ಬೊಬ್ಬರ ಮುಖ ಹಿಡಿದು ಬೇರೆ ಬೇರೆ ತೆಗೆಯುತ್ತಾರೆ. ದೊಡ್ಡ ನಟರ ಮುಖ ಮೊದಲು. ಆಗ ಎದುರಿನವರು ಕ್ಯಾಮರಾ ಪಕ್ಕದಲ್ಲಿ ನಿಂತು, ತಾವು ಕಾಣದಿದ್ದರೂ, ಜೀವ ತುಂಬಿ ತಮ್ಮ ಪಾಲಿನ ಮಾತು ಹೇಳಬೇಕು. ಅವರು ಇವರ ಕಣ್ಣು ನೋಡಿಕೊಂಡು ನಟಿಸುತ್ತಾರೆ. ಇವರ ಸರದಿ ಬರುವಾಗ ದೊಡ್ಡವರು ಕಾರು ಹತ್ತಿ ಮನೆಗೆ ಹೋಗಿರುತ್ತಾರೆ. ಸ್ಕ್ರಿಪ್ಟ್ ಹಿಡಿದ ಹುಡುಗಿಯೊಬ್ಬಳು ಅವರ ಮಾತನ್ನು ರೈಲಿನ ವೇಳಾಪಟ್ಟಿ ಓದಿದ ಹಾಗೆ ಓದುತ್ತಾಳೆ. ಗೋಡೆ ನೋಡಿಕೊಂಡು ಅಳಬೇಕು. ಸಿಲ್ವಿಯಾ ಹೆಚ್ಚಾಗಿ ಅತ್ತದ್ದು ಗೋಡೆ ನೋಡಿಕೊಂಡೇ.

ಇನ್ನೇನು ಮುಗಿಯಿತು ಎಂದುಕೊಳ್ಳುವಾಗ ಪರದೆ ಕತ್ತಲಾಗಿ, ಮತ್ತೆ ಬೆಳಕಾಯಿತು. ಪೊಲೀಸ್ ಠಾಣೆಯ ಬೆಂಚು. ಸೀರೆಯ ಮೇಲೆ ನೀಲಿ ಸ್ವೆಟರ್ ಹಾಕಿಕೊಂಡ ಹೆಂಗಸು, ಮಡಿಲಲ್ಲಿ ಕೈಚೀಲ. ಕಾಣದ ಇನ್‌ಸ್ಪೆಕ್ಟರನ ದನಿ ಒಂದೊಂದೇ ಕೇಳುತ್ತದೆ. ಮಗನ ಹೆಸರೇನು? ಬೆಳಿಗ್ಗೆ ಏನು ಹಾಕಿಕೊಂಡು ಹೋಗಿದ್ದ? ಹೆಂಗಸು ಉತ್ತರ ಕೊಡುತ್ತಾ ಹೋಗುತ್ತಾಳೆ, ಕೊಡುತ್ತಾ ಕೊಡುತ್ತಾ ಇವರು ಯಾಕೆ ಕೇಳುತ್ತಿದ್ದಾರೆ ಎಂಬುದು ಅವಳಿಗೆ ಹೊಳೆಯುತ್ತದೆ. ಅವಳು ಕೂಗುವುದಿಲ್ಲ. "ಅವನು ತಿಂಡಿ ತಿಂದು ಹೋಗಲಿಲ್ಲ," ಎನ್ನುತ್ತಾಳೆ, ಅಷ್ಟೇ. ಮನೆಯಲ್ಲಿ ನಿಮ್ಮ ಜೊತೆ ಯಾರಾದರೂ ಇದ್ದಾರಾ ಎಂದು ಆ ದನಿ ಕೇಳುತ್ತದೆ. ಅವಳು ಕಣ್ಣೆತ್ತಿ ನೋಡುತ್ತಾಳೆ. ಬಹಳ ಹೊತ್ತು ನೋಡುತ್ತಾಳೆ. ಆಮೇಲೆ ಹೌದು ಎನ್ನುವ ಹಾಗೆ ಮೆಲ್ಲಗೆ ಒಮ್ಮೆ ತಲೆಯಾಡಿಸುತ್ತಾಳೆ.

ಹಾಲಿನಲ್ಲಿ ಮೂಗು ಸೀಟುವ ಸದ್ದು. ಹಿಂದೆ ಆಡುತ್ತಿದ್ದ ಮಕ್ಕಳೂ ಸುಮ್ಮನಾಗಿದ್ದವು. ದೀಪ ಹತ್ತಿತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಿಶ್ವನಾಥ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಏನಮ್ಮಾ ಇದು! ಎಂಥ ನಟನೆ! ಇದೊಂದು ಸಾಕು!"

ಅದು ಸಿಲ್ವಿಯಾ ಅಲ್ಲ. ಅದು ಕೋಕಿಲಾ.

ಕೋಕಿಲಾ ವೈದ್ಯ, ಕಂಪಾಲಾದಿಂದ ಬಂದ ಗುಜರಾತಿ. ಸಿಲ್ವಿಯಾಳಿಗೂ ಅವಳಿಗೂ ಮೂಗಿನಲ್ಲಿ ಹೋಲಿಕೆಯಿಲ್ಲ, ಎತ್ತರದಲ್ಲಿ ಹೋಲಿಕೆಯಿಲ್ಲ. ಇಬ್ಬರೂ ಕಂದುಬಣ್ಣದವರು, ಇಬ್ಬರೂ ಸೀರೆ ಉಡುವವರು, ಲಂಡನ್ನಿಗೆ ಅಷ್ಟು ಸಾಕಾಗಿತ್ತು. ಇವಳನ್ನು ಕೋಕಿಲಾ ಎಂದು ಕರೆಯುತ್ತಿದ್ದರು, ಅವಳನ್ನು ಸಿಲ್ವಿಯಾ ಎಂದು. ಒಂದೇ ಪಾತ್ರಕ್ಕೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕಾದು ಕೂತು ಗೆಳತಿಯರಾದರು. ಫೋನ್ ಎತ್ತಿದರೆ "ಇವತ್ತು ನಾನು ಯಾರು?" ಎಂದೇ ಮಾತು ಶುರು. ಹೋದ ಚಳಿಗಾಲದಲ್ಲಿ ಕೋಕಿಲಾ ಲೆಸ್ಟರಿನಲ್ಲಿ ತೀರಿಕೊಂಡಾಗ ಒಂದು ಪತ್ರಿಕೆ ಆ ಸುದ್ದಿಗೆ ಸಿಲ್ವಿಯಾಳ ಫೋಟೋ ಹಾಕಿತ್ತು. ಅಲ್ಲಿಂದಲೇ ನೆಟ್ಟಿನಲ್ಲಿ ಎಲ್ಲ ಕಲಸುಮೇಲೋಗರವಾಗಿದ್ದಿರಬೇಕು. ಪಾಪ, ಭಾವನಾಳ ತಪ್ಪೇನು?

ಸುಮ್ಮನಿದ್ದುಬಿಡಬಹುದಿತ್ತು. ಬಿಟ್ಟುಬಿಡುವುದು ಅವಳಿಗೆ ಗೊತ್ತಿದ್ದ ವಿದ್ಯೆಯೇ. ಎದುರಿಗೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ಅಕ್ಕಪಕ್ಕದವರ ಕೈಕುಲುಕುತ್ತಾ ಕೂತಿದ್ದಳು. ಆದರೆ ಸತ್ತವಳ ಮುಖವನ್ನು ಹೊದ್ದುಕೊಂಡು ಶಾಲು ತೆಗೆದುಕೊಳ್ಳುವುದು ಹೇಗೆ? ಬದುಕಿದ್ದಾಗ ಅವಳಿಗೆ ಸಿಕ್ಕಿದ್ದೇ ಅದೊಂದು ದೃಶ್ಯ.

ಸಿಲ್ವಿಯಾ ಎದ್ದು ಮೈಕಿನ ಹತ್ತಿರ ಹೋದಳು. ಅವಳ ಕನ್ನಡ ಅಪ್ಪನ ಮನೆ ಬಿಟ್ಟ ದಿನಕ್ಕೇ ನಿಂತುಹೋದ ಕನ್ನಡ.

"ಎಲ್ಲರಿಗೂ ನಮಸ್ಕಾರ. ನೀವು ಕೊನೆಗೆ ನೋಡಿದಿರಲ್ಲ, ಆ ಹೆಂಗಸು ನಾನಲ್ಲ. ಆಕೆ ಹೆಸರು ಕೋಕಿಲಾ ವೈದ್ಯ. ನನ್ನ ಸ್ನೇಹಿತೆ. ಹೋದ ವರ್ಷ ತೀರಿಕೊಂಡಳು. ಅದಕ್ಕೆ ಮುಂಚೆ ನೋಡಿದ್ದೆಲ್ಲ ನಾನೇ. ಈ ಚಪ್ಪಾಳೆ ಅವಳಿಗೆ ಸೇರಬೇಕು."

ಲ್ಯಾಪ್‌ಟಾಪ್ ಮುಂದೆ ನಿಂತಿದ್ದ ಭಾವನಾ ಬಿಳಿಚಿಕೊಂಡು ಮೊದಲು ನೋಡಿದ್ದು ಸಿಲ್ವಿಯಾಳ ಕಡೆಗಲ್ಲ, ಹೆಲನ್‌ಳ ಕಡೆಗೆ. ಹೆಲನ್ ತಲೆ ತಗ್ಗಿಸಿದಳು.

ವಿಶ್ವನಾಥ್ ಮೈಕು ಕಿತ್ತುಕೊಂಡರು. "ನೋಡಿ ಸ್ನೇಹಿತರೇ, ದೊಡ್ಡವರ ದೊಡ್ಡತನ ಅಂದ್ರೆ ಇದು! ಬೇರೆಯವರ ಸಾಧನೆನ ಬೇರೆಯವರಿಗೇ ಬಿಟ್ಟುಕೊಡೋ ಗುಣ ಇವತ್ತು ಯಾರಿಗಿದೆ?" ಮತ್ತೆ ಚಪ್ಪಾಳೆ ಬಿತ್ತು, ಈ ಸಲ ಯಾಕೆ ಎಂದು ತಟ್ಟಿದವರಿಗೂ ಗೊತ್ತಿರಲಿಲ್ಲ. ಶಾಲು ಹೊದಿಸಿದರು, ಹಾರ ಹಾಕಿದರು, ತಲೆಗೆ ಮೈಸೂರು ಪೇಟ ಇಟ್ಟರು. ಪೇಟ ದೊಡ್ಡದು, ಹುಬ್ಬಿನ ತನಕ ಜಾರಿತು. ಹಣ್ಣಿನ ಬುಟ್ಟಿ ಹಿಡಿದು ಫೋಟೋಗೆ ನಿಂತಳು.

ಊಟದ ಸಾಲಿನಲ್ಲಿ ಭಾವನಾ ಹತ್ತಿರ ಬಂದಳು, ಕಣ್ಣು ಕೆಂಪಗಾಗಿತ್ತು. "ಆಂಟಿ, ಸಾರಿ ಆಂಟಿ. ನಿಜವಾಗ್ಲೂ ಗೊತ್ತಾಗ್ಲಿಲ್ಲ. ಹೆಲನ್ ಆಂಟಿಗೆ ತೋರ್ಸಿದ್ದೆ, ಅವ್ರು..." ಅಷ್ಟಕ್ಕೇ ನಿಲ್ಲಿಸಿದಳು.

"ಇರಲಿ ಮಗೂ, ನಿನ್ನ ತಪ್ಪಲ್ಲ," ಎಂದಳು ಸಿಲ್ವಿಯಾ. ತಟ್ಟೆಯಲ್ಲಿದ್ದ ಹೋಳಿಗೆಯನ್ನು ಮಾತ್ರ ಪಕ್ಕಕ್ಕೆ ಸರಿಸಿಟ್ಟಳು.

ವಾಪಸು ಬರುವಾಗ ಲಾರಿಗಳ ಸಾಲು. ಕಾರು ಒಂದು ಗೇಣು ಮುಂದೆ ಹೋಗುವುದು, ನಿಲ್ಲುವುದು. "ಪೋಲೆ ಮಾಮಾ," ಎಂದು ಸ್ವಾಹಿಲಿಯಲ್ಲಿ ಕ್ಷಮೆ ಕೇಳಿದ ಡ್ರೈವರ್ ಮುಟಿಸೊ, ಜಾಮ್ ತಾನೇ ಮಾಡಿದ ತಪ್ಪೆನ್ನುವ ಹಾಗೆ. ಕಿಟಕಿಯ ಹೊರಗೆ ಒಬ್ಬ ಫೋನ್ ಚಾರ್ಜರು, ಇನ್ನೊಬ್ಬ ಬಾಳೆಹಣ್ಣು ಹಿಡಿದು ಕಾರಿನಿಂದ ಕಾರಿಗೆ ನಡೆಯುತ್ತಿದ್ದರು. ಅಕ್ಕತಂಗಿಯರ ನಡುವೆ ಹಣ್ಣಿನ ಬುಟ್ಟಿ.

"ಗುರುವಾರನೇ ನಿನಗೆ ಗೊತ್ತಾಗಿತ್ತಾ?" ಎಂದಳು ಸಿಲ್ವಿಯಾ.

"ನನ್ನ ತಂಗಿ ಮುಖ ನನಗೆ ಗೊತ್ತಾಗಲ್ವಾ?" ಹೆಲನ್ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಮತ್ತೆ?"

"ಮತ್ತೇನು ಮತ್ತೆ? ಅದನ್ನ ತೆಗೆದ್ರೆ ಉಳಿಯೋದಾದ್ರೂ ಏನು? ಡಾಕ್ಟರು ಈಗ ಬರ್ತಾರೆ, ಡಾಕ್ಟರು ಈಗ ಬರ್ತಾರೆ!" ಹೆಲನ್‌ಳ ದನಿ ಒಡೆಯಿತು. "ಜನ ನಗ್ತಾರೆ ಅಂತ ನನಗೆ ಭಯ ಆಯ್ತು ಕಣೆ. ನೀನು ನರ್ಸಿಂಗ್ ಬಿಟ್ಟೆ ಅಂತ ಅಪ್ಪ ಸಾಯೋವರೆಗೂ ನಿನ್ನ ಹೆಸರು ಎತ್ತಲಿಲ್ಲ. ನಾನು ಎಲ್ಲರ ಬಾಯಿ ಮುಚ್ಚಿಸ್ಕೊಂಡು ಬಂದೆ, ನನ್ನ ತಂಗಿ ದೊಡ್ಡ ಆಕ್ಟ್ರೆಸ್, ದೊಡ್ಡ ಆಕ್ಟ್ರೆಸ್ ಅಂತ. ಒಂದು ದಿನ, ಒಂದೇ ಒಂದು ದಿನ, ಅದು ನಿಜ ಅನ್ಸಲಿ ಅಂತ ಬಿಟ್ಟೆ. ನೀನು ಬಾಯಿ ಮುಚ್ಕೊಂಡು ಇದ್ದಿದ್ರೆ ಯಾರಿಗೆ ಏನು ನಷ್ಟ ಆಗ್ತಿತ್ತು?"

ಜಗಳವಾಡಲೂ ಶಕ್ತಿ ಬೇಕು. ಅಕ್ಕ ನೋಡಿಯಾಗಿತ್ತು, ಮಾರ್ಕೂ ಕೊಟ್ಟಾಗಿತ್ತು. ಹೊದಿಕೆಯೊಳಗೆ ನಕ್ಕಿದ್ದು ನೆನಪಾಗಿ ಸಿಲ್ವಿಯಾಗೆ ನಾಚಿಕೆಯಾಯಿತು. ಪ್ರಜ್ಞೆಯಿಲ್ಲದ ಅಜ್ಜಿಯ ಪಾತ್ರಕ್ಕೆ ಹೂಂ ಎಂದುಬಿಡೋಣ ಅನ್ನಿಸಿತು. ಮಲಗಿದ್ದರೆ ಸಾಕಲ್ಲ.

ಮನೆ ತಲುಪುವಾಗ ಇನ್ನೂ ಬೆಳಕಿತ್ತು. ಅಂಗಳದಲ್ಲಿ ಜಕರಾಂಡದ ನೇರಳೆ ಹೂ ಉದುರಿ ಹಾಸಿತ್ತು, ಕಾಲಿಟ್ಟರೆ ಜಾರುತ್ತಿತ್ತು. ಹೆಲನ್ ತಂಗಿಯ ಮೊಣಕೈ ಹಿಡಿದುಕೊಂಡಳು. ಸಿಟ್ಟು ಸಿಟ್ಟಿನ ಕಡೆ, ಮೊಣಕಾಲು ಮೊಣಕಾಲಿನ ಕಡೆ.

ಒಳಗೆ ಟಿ.ವಿ. ಪಕ್ಕದಲ್ಲಿ ಭಾವನಾ ಗುರುವಾರ ನೆನಪಿಗೆಂದು ಕೊಟ್ಟು ಹೋದ ಪೆನ್‌ಡ್ರೈವ್ ಇತ್ತು. ಸಿಲ್ವಿಯಾ ಶಾಲು ತೆಗೆದು ಕುರ್ಚಿಗೆ ಹಾಕಿ, ಬಗ್ಗಿ, ಅದನ್ನು ಟಿ.ವಿ.ಗೆ ಸಿಕ್ಕಿಸಿದಳು.

"ಸಾಕು ಸಿಲ್ವಿ. ಅದನ್ನ ಮತ್ತೆ ನೋಡೋಕೆ ನನ್ನ ಕೈಲಿ ಆಗಲ್ಲ."

"ಕೊನೇದೊಂದೇ ಅಕ್ಕ. ಕೂತ್ಕೋ ಇಲ್ಲಿ, ಸೋಫಾದ ಮಧ್ಯ."

ಹೆಲನ್ ಕೂತಳು. ಸಿಲ್ವಿಯಾ ಮುಂದಕ್ಕೆ ಓಡಿಸಿ ಓಡಿಸಿ ಠಾಣೆಯ ಬೆಂಚಿನ ಹತ್ತಿರ ನಿಲ್ಲಿಸಿದಳು. ನೀಲಿ ಸ್ವೆಟರಿನ ಕೋಕಿಲಾ ಅರ್ಧ ಬಾಯಿ ತೆರೆದು ನಿಂತುಬಿಟ್ಟಳು.

"ಆವತ್ತು ನನಗೆ ಕೆಲಸವೇ ಇರಲಿಲ್ಲ," ಎಂದಳು ಸಿಲ್ವಿಯಾ. "ಆ ಸಿನಿಮಾದಲ್ಲಿ ನಾನು ಪಕ್ಕದ ಮನೆಯವಳು, ಆಮೇಲೆ ಆ ಪಾರ್ಟನ್ನೇ ಕತ್ತರಿಸಿ ಹಾಕಿದರು. ಕೋಕಿಲಾನ ಕರಕೊಂಡು ಬರೋಕೆ ಕಳಿಸಿದ ಕಾರು ನನ್ನ ಮನೆ ಮುಂದೆ ಬಂದು ನಿಂತಿತು. ಯಾವಾಗಿನ ಹಾಗೆ ಹೆಸರು ಅದಲುಬದಲು ಮಾಡಿದ್ದರು. ಅವಳು ಪಾಪ ಎರಡು ಬಸ್ಸು ಬದಲಾಯಿಸಿ ಬಂದಳು. ಇಬ್ಬರೂ ಒಟ್ಟಿಗೆ ಸೆಟ್ಟಿನಲ್ಲಿ ನಿಂತಾಗಲೇ ಅವರಿಗೆ ಗೊತ್ತಾದದ್ದು ನಾವು ಇಬ್ಬರು ಅಂತ."

ಹೆಲನ್ ಕೇಳುತ್ತಿದ್ದಳು.

"ಇನ್‌ಸ್ಪೆಕ್ಟರ್ ಪಾರ್ಟು ಮಾಡಿದವನು ಆಗ ದೊಡ್ಡ ಹೆಸರು. ಅವನ ಮುಖ ಮೊದಲು ತೆಗೆದರು, ಕೋಕಿಲಾ ಕ್ಯಾಮರಾ ಪಕ್ಕ ನಿಂತು ಸಂಜೆ ತನಕ ಅವನಿಗಾಗಿ ತನ್ನ ಪಾಲಿನ ಮಾತು ಹೇಳಿದಳು. ಇವಳ ಸರದಿ ಬಂದಾಗ ಅವನು ಕೋಟು ಹಾಕಿಕೊಂಡು ಹೊರಟುಹೋದ. ಸ್ಕ್ರಿಪ್ಟ್ ಹಿಡಿದ ಹುಡುಗಿ ಓದುತ್ತಾಳೆ ಅಂದರು. ಕೋಕಿಲಾ ನನ್ನ ಕೈ ಹಿಡಿದಳು. 'ಇವಳು ಓದಲಿ' ಅಂದಳು."

ಸಿಲ್ವಿಯಾ ಬಂದು ಅಕ್ಕನ ಎಡಗಡೆ, ಭುಜಕ್ಕೆ ಭುಜ ತಾಗುವ ಹಾಗೆ ಕೂತಳು. "ಈಗ ನೀನು ಕ್ಯಾಮರಾ. ನಾನು ಪಕ್ಕದಲ್ಲಿ. ಸಿನಿಮಾದಲ್ಲಿ ನೀನು ಕೇಳಿದ ದನಿ ಅವನದು, ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಅದನ್ನ ತೆಗೆದುಬಿಡು."

ಹೆಲನ್ ರಿಮೋಟ್ ತೆಗೆದುಕೊಂಡು ಟಿ.ವಿ.ಯ ಸದ್ದು ಆರಿಸಿ, ಚಿತ್ರ ಓಡಿಸಿದಳು. ಕೋಕಿಲಾ ಅಲುಗಾಡಿದಳು.

ಸಿಲ್ವಿಯಾ ಇಂಗ್ಲಿಷಿನಲ್ಲೇ ಹೇಳಿದಳು, ಇಲ್ಲಿ ಕನ್ನಡದಲ್ಲಿ ಬರೆದರೆ ಅಡ್ಡಿಯಿಲ್ಲ. "ಕೂತುಕೊಳ್ಳಿ ತಾಯಿ. ನಿಮ್ಮ ಮಗನ ಹೆಸರು ಏನು?"

ಪರದೆಯ ಮೇಲೆ ಕೋಕಿಲಾ ತಲೆಯೆತ್ತಿ ಸಿಲ್ವಿಯಾಳನ್ನೇ ನೋಡಿದಳು. ತುಟಿ ಅಲ್ಲಾಡಿತು.

"ಬೆಳಿಗ್ಗೆ ಏನು ಹಾಕಿಕೊಂಡು ಹೋಗಿದ್ದ?"

ಸಿಲ್ವಿಯಾಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ಕೆಟ್ಟ ಸುದ್ದಿಯನ್ನು ಕೈಯಲ್ಲಿ ಹಿಡಿದುಕೊಂಡು, ಎದುರಿನವಳಿಗೆ ತಾನಾಗಿ ತಿಳಿಯಲಿ ಎಂದು ಕಾಯುವವರ ದನಿ ಅದು. ಅವಳು ಎಲ್ಲಿ ತಡೆದಳೋ ಅಲ್ಲಿ ಕೋಕಿಲಾಳ ಕಣ್ಣು ತಡೆಯಿತು. ಅವಳು ಎಲ್ಲಿ ಉಸಿರು ತೆಗೆದುಕೊಂಡಳೋ ಅಲ್ಲಿ ಕೋಕಿಲಾಳ ಗಂಟಲು ಅಲುಗಿತು. ಹಾಲಿನಲ್ಲಿ ಆ ಗಂಡಸಿನ ದನಿಗೂ ಈ ಮುಖಕ್ಕೂ ಏನೋ ಹೊಂದುತ್ತಿಲ್ಲ ಎಂದು ಹೆಲನ್‌ಗೆ ಅನ್ನಿಸಿರಲಿಲ್ಲ. ಈಗ ಹೊಂದಿದಾಗ ತಿಳಿಯಿತು. ಕೋಕಿಲಾ ತಿಂಡಿಯ ಮಾತು ಹೇಳಿದಳು, ಸದ್ದಿಲ್ಲದೆ.

"ಮನೆಯಲ್ಲಿ ನಿಮ್ಮ ಜೊತೆ ಯಾರಾದರೂ ಇದ್ದಾರಾ?"

ಕೋಕಿಲಾ ನೋಡಿದಳು. ಬಹಳ ಹೊತ್ತಿನ ಆ ನೋಟ.

"ಇಲ್ಲ ಅಂತ ಹೇಳಬೇಕಿತ್ತು ಅವಳು," ಎಂದು ಸಿಲ್ವಿಯಾ ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದಳು. "ಬರೆದಿದ್ದು ಅದೇ. ಅವಳಿಗೆ ಬಾಯಿ ಕಟ್ಟಿಹೋಯಿತು. ನನಗೆ ಬೇರೆ ಏನೂ ತೋಚಲಿಲ್ಲ."

ಹೀಗೆ ಹೇಳಿ, ಒಮ್ಮೆ, ನಾನಿದ್ದೇನೆ ಎನ್ನುವ ಹಾಗೆ ತಲೆಯಾಡಿಸಿದಳು. ಪರದೆಯ ಮೇಲೆ, ಹೋದ ವರ್ಷ ಸತ್ತ ಕೋಕಿಲಾ ಅವಳಿಗೆ ತಿರುಗಿ ತಲೆಯಾಡಿಸಿದಳು.

ಚಿತ್ರ ಮುಗಿಯಿತು. ಹೆಲನ್ ರಿಮೋಟ್ ಹಿಡಿದುಕೊಂಡೇ ಇದ್ದಳು.

"ಇದನ್ನ ಯಾಕೆ ಹೇಳಲಿಲ್ಲ ಅಲ್ಲಿ, ಮೈಕಿನಲ್ಲಿ?"

"ಏನಂತ ಹೇಳೋದು ಅಕ್ಕ? ನಾನ್ಯಾವತ್ತೂ ಯಾರಿಗೂ ಹೇಳಿಲ್ಲ. ಕಾಣದೇ ಇರೋದನ್ನ ತೋರಿಸೋದು ಹೇಗೆ?"

ಹೆಲನ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು. ಆಮೇಲೆ ಸೋಫಾದಲ್ಲಿ ಪೂರ್ತಿ ಎಡಕ್ಕೆ ತಿರುಗಿ, ಟಿ.ವಿ.ಗೆ ಬೆನ್ನು ಹಾಕಿ, ತಂಗಿಯ ಮುಖಕ್ಕೆ ಮುಖ ಕೊಟ್ಟು ಕೂತಳು. ರಿಮೋಟ್ ತಂಗಿಯ ಕೈಗೆ ಕೊಟ್ಟಳು.

"ಇನ್ನೊಂದ್ಸಲ ಹಾಕು," ಎಂದಳು. "ಅವಳನ್ನ ನೋಡಿದ್ದಾಯ್ತು. ಈ ಸಲ ನಾನು ನಿನ್ನನ್ನ ನೋಡ್ತೀನಿ."

ಸಿಲ್ವಿಯಾಗೆ ಮೊಣಕಾಲು ಸಿಡಿಯುತ್ತಿತ್ತು, ಗಂಟಲಲ್ಲಿ ಕೆಮ್ಮು ಕಾದು ಕೂತಿತ್ತು. ಆದರೂ ಬೆನ್ನು ನೆಟ್ಟಗೆ ಮಾಡಿಕೊಂಡಳು. ಅಕ್ಕನ ಭುಜದ ಮೇಲಿಂದ ಪರದೆಯ ಕಡೆ ನೋಡಿ, "ಕೂತುಕೊಳ್ಳಿ ತಾಯಿ," ಎಂದು ಶುರು ಮಾಡಿದಳು.